ಭೈರವಿ ಕಾಡಿಗೆ ಹೊರಟ ಭಾನುವಾರ

ನಮ್ಮ ಮನೆಯಲ್ಲಿ ವೀಲ್‌ಚೇರ್ ಇತ್ತು. ಅದರ ಮೇಲೆ ಮಡಚಿದ ಬಟ್ಟೆ ಇರುತ್ತಿತ್ತು. ನನ್ನ ಮಗಳು ನೆಲದ ಮೇಲೆ ಇರುತ್ತಿದ್ದಳು.

ಹೀಗೆ ಹೇಳಿದ ತಕ್ಷಣ ನಮ್ಮನ್ನು ಕಟುಕರು ಅಂದುಕೊಳ್ಳಬೇಡಿ. ಸಾರಕ್ಕಿಯ ಹಳೇ ಊರಿನ ಗಲ್ಲಿ ಎಷ್ಟು ಅಗಲ ಅಂತ ಒಮ್ಮೆ ಬಂದು ನೋಡಿ, ಆಮೇಲೆ ಮಾತಾಡಿ. ಎದುರು ಮನೆಯ ಬದರಿನಾಥ ತಮ್ಮ ಸ್ಕೂಟರ್ ನಿಲ್ಲಿಸಿದರೆ ಮನುಷ್ಯರು ಅಡ್ಡಡ್ಡಕ್ಕೆ ನುಸುಳಬೇಕು. ನಮ್ಮ ಬಾಗಿಲಿಗೆ ಮೂರು ಮೆಟ್ಟಿಲು ಬೇರೆ. ಶಾಲೆಯವರು ಕೊಟ್ಟಿದ್ದ ಕುರ್ಚಿ ಎರಡು ವರ್ಷ ಮೂಲೆ ಹಿಡಿದಿತ್ತು. ಭೈರವಿಯನ್ನು ನನ್ನ ಗಂಡ ಮಹೇಶ್ ಬೆನ್ನ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದರು.

ಅವಳಿಗೆ ಆಗ ಹತ್ತು ವರ್ಷ. ಅತ್ತೆ ಕೆಂಪಕ್ಕನವರು ಬೈರಮ್ಮ ಅಂತಲೇ ಹೆಸರಿಡಬೇಕು ಎಂದು ಹಟ ಹಿಡಿದಿದ್ದರು. ನಾನು ಅದನ್ನು ಭೈರವಿ ಮಾಡಿಸಿದೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಬೈರಿ. ಹುಟ್ಟಿದಾಗ ಅಳಲಿಲ್ಲ, ಕಾಲಿಗೆ ಬಲ ಬರಲಿಲ್ಲ. ನಾಲ್ಕನೇ ವರ್ಷಕ್ಕೆ ಫಿಟ್ಸ್ ಶುರುವಾಯಿತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ. ಮಾತ್ರೆ ತಪ್ಪದೆ ಹೋದ ಮೂರು ವರ್ಷ ಫಿಟ್ಸ್ ನಮ್ಮ ಬಾಗಿಲಿಗೆ ಬರಲಿಲ್ಲ. ಅದಕ್ಕೂ ಮುಂಚೆ ಒಂದೇ ಒಂದು ದಿನ ತಪ್ಪಿದ್ದಕ್ಕೆ ಏನಾಯಿತು ಅನ್ನುವುದನ್ನು ನಾನು ಬಾಯಿ ಬಿಟ್ಟು ಹೇಳಲಾರೆ.

ಎರಡು ಸಾವಿರದ ಮೂರನೇ ಇಸವಿ, ನವೆಂಬರ್ ಮೊದಲ ವಾರ. ಮಗಳನ್ನು ಹೊತ್ತು ಮೆಟ್ಟಿಲು ಇಳಿಯುತ್ತಿದ್ದ ಮಹೇಶ್ ಎರಡನೇ ಮೆಟ್ಟಿಲಲ್ಲಿ "ಅಮ್ಮಾ" ಅಂದರು. ಅಲ್ಲೇ ಕೂತರು. ಬೈರಿ ಅವರ ಕುತ್ತಿಗೆಗೆ ನೇತುಬಿದ್ದಿದ್ದಳು. ಮಾವ ಪಿಳ್ಳಣ್ಣನವರು ಓಡಿ ಬಂದು ಮೊದಲು ಮೊಮ್ಮಗಳನ್ನು ಬಿಡಿಸಿಕೊಂಡರು, ಆಮೇಲೆ ಮಗನನ್ನು. ಡಾಕ್ಟರು ನೋಡಿ, ಒಂದು ತಿಂಗಳು ಚಾಪೆಯ ಮೇಲೆ ಅಂಗಾತ ಮಲಗಬೇಕು, ಇನ್ನು ಮುಂದೆ ಭಾರ ಎತ್ತುವ ಹಾಗೇ ಇಲ್ಲ ಎಂದರು.

"ನನ್ನ ಮಗಳು ಭಾರ ಅಲ್ಲ ಸಾರ್" ಅಂತ ಇವರು ಅಂದರಂತೆ.

"ಇಪ್ಪತ್ತಾರು ಕೆಜಿ ಅಂದ್ರೆ ಭಾರಾನೇ" ಅಂದರಂತೆ ಡಾಕ್ಟರು.

ಆವತ್ತು ಸಾಯಂಕಾಲ ನಾನು ವೀಲ್‌ಚೇರ್ ಮೇಲಿನ ಬಟ್ಟೆ ಎತ್ತಿ ಹಾಸಿಗೆ ಮೇಲೆ ಎಸೆದೆ. ಟೈರಿಗೆ ಗಾಳಿ ಇರಲಿಲ್ಲ. ಅತ್ತೆ ನೋಡುತ್ತಾ ನಿಂತಿದ್ದರು.

"ಇದ್ರಲ್ಲಿ ಕೂರಿಸಿ ಬೀದಿಗೆ ತಕ್ಕೊಂಡು ಹೋಗ್ತೀಯಾ?"

"ಇನ್ನೇನ್ ಮಾಡ್ಲಿ ಅತ್ತೆ? ನೀವು ಎತ್ಕೊಳ್ತೀರಾ?"

"ಎಲ್ಲಾರೂ ನೋಡ್ತಾರೆ."

"ನೋಡ್ಲಿ. ಕಣ್ಣಿರೋದೇ ಅದಕ್ಕೆ" ಅಂದರು ಮಾವ.

ಮೂರು ದಿನ ಶಾಲೆಗೆ ಹೋಗದೆ ಇದ್ದದ್ದಕ್ಕೆ ದಾನಮ್ಮ ಮಿಸ್ ತಾವೇ ಹುಡುಕಿಕೊಂಡು ಮನೆಗೆ ಬಂದರು. ಅವರು ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಮಾಡಿಸುವವರು. ಕುಷ್ಟಗಿ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದರು. ಕಾಫಿ ಕೊಟ್ಟೆ. ಲೋಟ ಕೆಳಗಿಡುವ ಮುಂಚೆಯೇ ಒಂದು ಒಪ್ಪಿಗೆ ಚೀಟಿ ನನ್ನ ಕೈಗಿತ್ತರು.

"ತಲಘಟ್ಟಪುರದ ಆಚೀಗೆ ಒಂದು ಕಾಡು ಐತ್ರಿ. ವೀಲ್‌ಚೇರ್ ಹೋಗೂ ಹಂಗ ಮಣ್ಣು ಹಾಕಿ, ರೋಲರ್ ಹೊಡದು ದಾರಿ ಮಾಡ್ಯಾರ. ಒಂದೂವರಿ ಕಿಲೋಮೀಟರ್. ಸುತ್ತು ಹಾಕ್ಕೊಂಡು ಬಂದ್ರ ಮತ್ತ ಗೇಟಿಗೇ ಬರ್ತದ. ಮುಂದಿನ ತಿಂಗಳ ಮೊದಲನೇ ಭಾನುವಾರ ಹುಡುಗರನ್ನ ಕರಕೊಂಡು ಹೊಂಟೀವಿ."

"ಕಾಡಲ್ಲಿ ಫಿಟ್ಸ್ ಬಂದ್ರೆ ಮಿಸ್?"

"ಮನ್ಯಾಗ ಬಂದ್ರ ಏನ್ ಮಾಡ್ತೀರಿ?"

"ಮನೇಲಾದ್ರೆ ಆಟೋ ಸಿಗುತ್ತೆ."

"ಅಲ್ಲಿ ನಮ್ಮ ಬಸ್ ಇರ್ತದ್ರಿ. ನಾನೂ ಇರ್ತೀನಿ. ಒಂದೊಂದು ಮಗೂಗೆ ಇಬ್ಬಿಬ್ಬರು ದೊಡ್ಡವರು ಬರಬೇಕು. ಎತ್ತಿಕೊಂಡು ಹೋಗೂ ಹಂಗಿಲ್ಲ, ಕುರ್ಚೀನ ಬರಬೇಕು. ಅಕಿ ತಾನೂ ಒಂದೀಟು ಗಾಲಿ ತಿರುಗಿಸಾಕ ಕಲೀಬೇಕು."

ಬೈರಿ ನೆಲದ ಮೇಲಿಂದ ನನ್ನ ಸೀರೆ ಎಳೆದಳು. "ಅಮ್ಮಾ, ಹೂಂ ಅನ್ನು. ಹೋದ ವರ್ಷ ನಮ್ ಕ್ಲಾಸಲ್ಲಿ ಎಲ್ಲಾರೂ ಹೋಗಿದ್ರು. ಒಳಗಡೆ ಹೋದ್ರೆ ಬಸ್ ಸದ್ದೇ ಕೇಳ್ಸಲ್ವಂತೆ."

"ನೋಡೋಣ" ಅಂದೆ. ನಮ್ಮ ಮನೆಯಲ್ಲಿ 'ನೋಡೋಣ' ಅಂದರೆ ಬೇಡ ಅಂತ. ಅದು ಬೈರಿಗೂ ಗೊತ್ತು. ಮುಖ ಆ ಕಡೆ ತಿರುಗಿಸಿದಳು.

"ಕೈಕಾಲು ನೆಟ್ಟಗಿರೋರೇ ಆ ಕಡೀಕೆ ಹೋಗಲ್ಲ. ಹಾವು ಹರಿದಾಡ್ತವೆ" ಅಂದರು ಅತ್ತೆ.

"ನಿನ್ ದನಿ ಕೇಳಿದ್ರೆ ಹಾವು ಕನಕಪುರ ಸೇರ್ಕೊಳ್ತದೆ ಬುಡು" ಅಂದರು ಮಾವ.

ರಾತ್ರಿ ಮುದ್ದೆ ಮುಂದಿಟ್ಟರೆ ಬೈರಿ ಮುಟ್ಟಲಿಲ್ಲ. ಬಸ್ಸಾರು ಅವಳಿಗೆ ಪ್ರಾಣ, ಅದನ್ನೂ ಮುಟ್ಟಲಿಲ್ಲ. ಮಲಗಿದ್ದ ಕಡೆಯಿಂದಲೇ ಮಹೇಶ್ ಅಂದರು: "ಲತಾ, ಒಂದು ದಿನ ಕಣೇ. ಕಳಿಸು."

"ಎದ್ದು ನಿಂತು ಹೇಳಿ, ಕಳಿಸ್ತೀನಿ" ಅಂದೆ. ಹಾಗೆ ಅನ್ನಬಾರದಿತ್ತು. ಅಂದುಬಿಟ್ಟೆ. ನನ್ನ ಬಾಯೇ ಹಾಗೆ, ಭಯ ಆದಾಗ ಮೊದಲು ಓಡುವುದು ಅದೇ.

ಮಾವ ನಲವತ್ತು ವರ್ಷ ರಸ್ತೆ ಹಾಕಿದ ಮೇಸ್ತ್ರಿ. ರಿಟೈರ್ ಆದ ಮೇಲೆ ಕೈಗೆ ಕೆಲಸವಿಲ್ಲದೆ ಬೀಡಿ ಸೇದುತ್ತಾ ಕೂರುತ್ತಿದ್ದವರಿಗೆ ಈಗ ಜೀವ ಬಂತು. ಮಾರನೆಯ ದಿನವೇ ಎಲ್ಲಿಂದಲೋ ಜಲ್ಲಿ, ಮರಳು, ಅರ್ಧ ಚೀಲ ಸಿಮೆಂಟು ತಂದರು. ಮೂರು ಮೆಟ್ಟಿಲ ಮೇಲೆ ಇಳಿಜಾರು ಹಾಕಿದರು. ಹಾಕಿದ್ದೇನೋ ಸರಿ. ಆಮೇಲೆ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಏಳು ದಿನ ಯಾರೂ ಕಾಲಿಡಬಾರದು ಎಂದು ಆರ್ಡರ್ ಮಾಡಿದರು.

"ಮತ್ತೆ ಮನೆಯಿಂದ ಹೊರಗೆ ಹೋಗೋದು ಹೆಂಗೆ ಮಾವ?"

"ನೆಗೀರಿ."

ನೆಗೆದೆವು. ನಾನು ಟಿಫನ್ ಕ್ಯಾರಿಯರ್ ಹಿಡಿದು ನೆಗೆದೆ, ಅತ್ತೆ ಹೂವಿನ ಬುಟ್ಟಿ ಹಿಡಿದು ನೆಗೆದರು. ಬದರಿನಾಥ ಸ್ಕೂಟರ್ ಮೇಲೆ ಕೂತೇ ಜಗಳ ತೆಗೆದರು.

"ಪಿಳ್ಳಣ್ಣೋರೇ, ಇದು ಸರ್ಕಾರಿ ಗಲ್ಲಿ. ಹೀಗೆಲ್ಲ ಮುಂದಕ್ಕೆ ಚಾಚೋ ಹಾಗಿಲ್ಲ."

"ಸರ್ಕಾರಕ್ಕೆ ನಲವತ್ತು ವರ್ಷ ರಸ್ತೆ ಹಾಕಿದೀನಿ ಸ್ವಾಮಿ. ನಮ್ ಮಗೀಗೆ ಒಂದು ಮೊಳ ಹಾಕ್ಕೊಂಡ್ರೆ ನಿಮ್ಮ ಗಂಟೇನು ಹೋಯ್ತು?"

ಬದರಿನಾಥ ಅವರ ಹೆಂಡತಿ ಒಳಗಿನಿಂದ ಅದೇನೋ ಅಂದರು. ಬದರಿನಾಥ ಸ್ಕೂಟರನ್ನು ಆ ಕಡೆಯ ಗೋಡೆಗೆ ಒತ್ತಿ ನಿಲ್ಲಿಸಿದರು.

ಆ ಏಳು ದಿನಗಳ ಒಳಗೇ ನಮ್ಮ ಮನೆಯಲ್ಲಿ ಜಗಳವಾದದ್ದು.

ನನ್ನದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಷರಟು ತಿರುಗಿಸಿ ಮುರುಗಿಸಿ ತಪ್ಪು ಹುಡುಕುವುದು, ಸಿಕ್ಕಲ್ಲಿ ಗುರುತು ಹಾಕುವುದು. ಏಳೂ ಕಾಲಿಗೆ ಸಿಗ್ನಲ್ ಹತ್ತಿರ ಕಂಪನಿ ವ್ಯಾನು ಬರುತ್ತದೆ. ಹಾಗಾಗಿ ರಾತ್ರಿಯ ಮಾತ್ರೆ ನನ್ನದು, ಬೆಳಗಿನ ಮಾತ್ರೆ ಅತ್ತೆಯದು. ಬೈರಿ ತಿಂಡಿ ತಿಂದ ಮೇಲೆ ಕೊಟ್ಟು, ಎಂಟು ಗಂಟೆಗೆ ಅವರು ಮಾರ್ಕೆಟ್ಟಿಗೆ ಹೂವು ಮಾರಲು ಹೋಗುತ್ತಿದ್ದರು. ಇವರ ಸೊಂಟ ಹೋದ ಮೇಲೆ ನನಗೆ ಅದೆಂಥದೋ ದಿಗಿಲು ಹತ್ತಿತ್ತು. ಮಾತ್ರೆ ಶೀಟಿನ ಹಿಂದೆ ಪೆನ್ನಿನಲ್ಲಿ ದಿನದ ಗುರುತು ಹಾಕತೊಡಗಿದ್ದೆ. ಯಾರಿಗೂ ಹೇಳಿರಲಿಲ್ಲ.

ಗುರುವಾರ ಸಾಯಂಕಾಲ ನೋಡಿದರೆ ಶೀಟಿನಲ್ಲಿ ಒಂದು ಮಾತ್ರೆ ಜಾಸ್ತಿ ಇತ್ತು.

"ಅತ್ತೆ, ಬೆಳಿಗ್ಗೆ ಮಾತ್ರೆ ಕೊಟ್ರಾ?"

"ಕೊಟ್ಟೆ."

"ಒಂದು ಹಾಗೇ ಇದೆ. ಇವತ್ತಿಂದು. ನಾನು ಗುರುತು ಹಾಕಿದ್ದೆ."

ಅತ್ತೆ ಹೂವು ಕಟ್ಟುತ್ತಿದ್ದ ನಾರನ್ನು ಹಲ್ಲಿನಿಂದ ಬಿಡಿಸಿದರು. "ಗುರುತಾ? ನಾನೇನು ನಿನ್ ಫ್ಯಾಕ್ಟರಿ ಷರಟಾ, ಗೀಟು ಹಾಕೋಕೆ?"

"ಮಾತು ತಿರುಗಿಸ್ಬೇಡಿ. ಕೊಟ್ರೋ ಇಲ್ವೋ?"

"ಬೆಳಿಗ್ಗೆ ಇವ್ನು ಸೊಂಟ ಹಿಡ್ಕೊಂಡು ಕಿರುಚ್ತಿದ್ದ. ಬಿಸಿನೀರು ಕಾಯಿಸಿ ಶಾಖ ಕೊಡ್ತಿದ್ದೆ. ಕೊಟ್ಟೆ ಅಂತ್ಲೇ ಗೆಪ್ತಿ."

"ನಿಮಗೆ ನಿಮ್ಮ ಮಗನ ಸೊಂಟಾನೇ ಹೆಚ್ಚು. ನನ್ ಮಗಳು ಬಿದ್ದು ನೊರೆ ಕಕ್ಕಿದ್ರೆ ನಿಮಗೇನು?"

ಚಾಪೆಯ ಮೇಲಿಂದ ಇವರು "ಲತಾ" ಅಂದರು. ಅತ್ತೆಯ ಕಣ್ಣು ತುಂಬಿತು, ಆದರೆ ಅವರು ಅಳುವ ಪೈಕಿಯಲ್ಲ.

"ಆಯ್ತು ಕಣಮ್ಮ. ಇನ್ಮೇಲೆ ಆ ಮಾತ್ರೆ ನಾನು ಮುಟ್ಟಲ್ಲ. ನಿನ್ ಮಗಳು, ನಿನ್ ಮಾತ್ರೆ. ನಿನ್ ಜೊತೆ ಮಾತೂ ಇಲ್ಲ, ಹೋಗು."

ಆವತ್ತು ರಾತ್ರಿ ಫಿಟ್ಸ್ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಎರಡು ದಿನ ನಾನು ಫ್ಯಾಕ್ಟರಿಯಲ್ಲಿ ಒಂದು ತಪ್ಪೂ ಹಿಡಿಯಲಿಲ್ಲ, ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ. ಅಂದಿನಿಂದ ಬೆಳಗ್ಗೆ ಆರಕ್ಕೇ ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ, ಒಂದು ಬಿಸ್ಕತ್ತು ತಿನ್ನಿಸಿ ಮಾತ್ರೆ ನಾನೇ ಕೊಡತೊಡಗಿದೆ.

ಅತ್ತೆ ಮಾತು ಬಿಟ್ಟರು ಅಂದರೆ ಬಿಟ್ಟರು. ಹತ್ತಡಿ ಅಗಲದ ಮನೆ. ಮೈಗೆ ಮೈ ತಗುಲದೆ ಒಲೆ ಹತ್ತಿರ ಹೋಗಲಾಗದು. ಆದರೂ ಎಲ್ಲ ಮಾತೂ ಬೈರಿಯ ಮೂಲಕವೇ ಆಗಬೇಕು.

"ಬೈರಿ, ನಿಮ್ಮಮ್ಮನಿಗೆ ಹೇಳು, ರಾಗಿಹಿಟ್ಟು ಮುಗೀತು ಅಂತ."

"ಬೈರಿ, ನಿಮ್ಮಜ್ಜಿಗೆ ಹೇಳು, ಡಬ್ಬದ ಹಿಂದೆ ಇನ್ನೊಂದು ಡಬ್ಬ ಇದೆ ಅಂತ."

ಒಂದು ದಿನ ಊಟಕ್ಕೆ ಕೂತಿದ್ದಾಗ ಅತ್ತೆ ಅಂದರು: "ನಿಮ್ಮಮ್ಮನ್ನ ಕೇಳು, ಸಾರಿಗೆ ಉಪ್ಪು ಹಾಕ್ಬೇಕು ಅಂತ ಅವ್ರ ತೌರಲ್ಲಿ ಕಲಿಸಿಲ್ವಾ ಅಂತ."

ಬೈರಿ ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಅಮ್ಮಾ, ಅಜ್ಜಿಗೆ ಸ್ವಲ್ಪ ಉಪ್ಪು ಬೇಕಂತೆ" ಅಂದಳು.

ಮಹೇಶ್‌ಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ನಗಿಸ್ಬೇಡ್ರೋ, ಸೊಂಟ" ಅಂತ ಚೀರಿದರು. ಮಾವನೂ ನಕ್ಕರು. ನಾನೂ ನಕ್ಕೆ ಅಂತಿಟ್ಟುಕೊಳ್ಳಿ. ನಮ್ಮ ಮಗಳು ಎಷ್ಟು ಜಾಣೆ ಅಂತ ಆವತ್ತು ನಮಗೆಲ್ಲ ಹೆಮ್ಮೆಯೇ ಆಯಿತು.

ಏಳು ದಿನ ಮುಗಿದು ಗೋಣಿಚೀಲ ತೆಗೆದ ಮೇಲೆ ಮಾವ ಮೊಮ್ಮಗಳನ್ನು ಕುರ್ಚಿಯಲ್ಲಿ ಕೂರಿಸಿ ದಿನಾ ಸಾಯಂಕಾಲ ಜೆ.ಪಿ. ನಗರದ ಪಾರ್ಕಿಗೆ ಕರೆದುಕೊಂಡು ಹೊರಟರು. ನಾನು ಗಾಲಿ ಮುಟ್ಟಬೇಡ ಅಂದಿದ್ದೆ. ಬೀದಿಯ ಉಗುಳು, ಸಗಣಿ, ಎಲ್ಲಾ ಮೆತ್ತಿಕೊಂಡ ಗಾಲಿ ಅದು, ಅದೇ ಕೈಯಲ್ಲಿ ಬಾಯಿಗೆ ಅನ್ನ ಇಡಬೇಕಲ್ಲ.

"ಗಾಲಿ ಮುಟ್ದೆ ಗಾಲಿ ತಿರುಗಿಸೋ ವಿದ್ಯೆ ನನಗೆ ಬರಲ್ಲಮ್ಮ" ಅಂದರು ಮಾವ.

ಎರಡು ದಿನ ನೋಡಿದೆ. ಬೈರಿಯ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು, ನನಗೆ ಕಾಣದ ಹಾಗೆ ಮುಷ್ಟಿ ಹಿಡಿದುಕೊಂಡು ಊಟ ಮಾಡಲು ನೋಡಿದಳು. ಮಾರನೆಯ ದಿನ ಫ್ಯಾಕ್ಟರಿಯಿಂದ ಜೀನ್ಸ್ ಬಟ್ಟೆಯ ಚೂರು ತಂದು ಎರಡು ಕೈಗವಸು ಹೊಲಿದೆ, ಬೆರಳು ಹೊರಗೆ ಬರುವ ಹಾಗೆ. ಹಾಕಿಕೊಂಡು ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಹಂಗಾದ್ರೆ ಕಳಿಸ್ತೀಯಾ?"

"ನೋಡೋಣ."

ಆ ಶನಿವಾರ ನಾನೂ ಪಾರ್ಕಿಗೆ ಹೋದೆ. ಮಾವ ಕುರ್ಚಿಯನ್ನು ಬಿಟ್ಟು ದೂರ ಹೋಗಿ ಕಲ್ಲುಬೆಂಚಿನ ಮೇಲೆ ಕೂತರು. ಬೈರಿ ಗಾಲಿ ಹಿಡಿದಳು. ಒಂದು ಗಾಲಿ ಹೆಚ್ಚು ತಿರುಗಿ ಕುರ್ಚಿ ಹೂಗಿಡದ ಕಡೆ ವಾಲಿತು. ನಾನು ಓಡಿದೆ.

"ನಿಲ್ಲಮ್ಮ ಅಲ್ಲೇ!" ಮಾವ ಕೂಗಿದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ನಿಂತೆ. ಬೈರಿ ನಾಲಿಗೆ ಕಚ್ಚಿಕೊಂಡು ಹಿಂದಕ್ಕೆ ಎಳೆದಳು, ಸರಿ ಮಾಡಿಕೊಂಡಳು. ಗೇಟಿನಿಂದ ಬೆಂಚಿನವರೆಗೆ ಮೂವತ್ತು ಹೆಜ್ಜೆ ಇರಬಹುದು, ಅಷ್ಟಕ್ಕೆ ಅವಳು ಬೆವೆತು ತೊಪ್ಪೆಯಾಗಿದ್ದಳು. ನಾನು ಅವಳಿಗಿಂತ ಹೆಚ್ಚು ಬೆವೆತಿದ್ದೆ. ಮನೆಗೆ ಬಂದು ಚೀಟಿಗೆ ಸಹಿ ಹಾಕಿದೆ.

ಜೊತೆಗೆ ಇಬ್ಬರು ಹೋಗಬೇಕು. ನಾನು, ಮಾವ ಅಂತ ಅಂದುಕೊಂಡಿದ್ದೆವು. ಆದರೆ ಮಹೇಶ್ ಇನ್ನೂ ಒಬ್ಬರೇ ಎದ್ದು ಬಚ್ಚಲಿಗೆ ಹೋಗುವ ಹಾಗಿರಲಿಲ್ಲ. ಅವರನ್ನು ಎಬ್ಬಿಸಿ ನಿಲ್ಲಿಸುವ ಶಕ್ತಿ ಇದ್ದದ್ದು ಮಾವನಿಗೆ ಮಾತ್ರ. ಮಾವ ಮನೆಯಲ್ಲೇ ಉಳಿಯಬೇಕಾಯಿತು.

"ಬೈರಿ, ನಿಮ್ಮಮ್ಮನಿಗೆ ಹೇಳು, ನಾನು ಬರ್ತೀನಿ ಅಂತ" ಅಂದರು ಅತ್ತೆ, ಗೋಡೆ ನೋಡಿಕೊಂಡು. "ಮಗೀಗೋಸ್ಕರ. ಬೇರೆ ಯಾರಿಗೂ ಅಲ್ಲ."

ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಮದುವೆ ಮನೆಯ ಗಡಿಬಿಡಿ. ಐದೂವರೆಗೆ ಬೈರಿಯನ್ನು ಎಬ್ಬಿಸಿದೆ, ಮುಖ ತೊಳೆಸಿ ಬಿಸ್ಕತ್ತು ತಿನ್ನಿಸಿ ಮಾತ್ರೆ ಕೊಟ್ಟೆ. ಆ ಶೀಟನ್ನು ಚೀಲಕ್ಕೆ ಹಾಕಿಕೊಂಡೆ. ಹೊಸ ಶೀಟು ಗೂಡಿನಲ್ಲೇ ಇತ್ತು. ಚಿತ್ರಾನ್ನ ಕಲಸಿದೆ. ನೀರಿನ ಬಾಟಲಿ, ಟವಲ್ಲು, ಬದಲಿ ಲಂಗ, ಡಾಕ್ಟರ ನಂಬರ್ ಬರೆದ ಚೀಟಿ, ಎಲ್ಲವನ್ನೂ ಎರಡೆರಡು ಸಲ ತೆಗೆದು ನೋಡಿ ಮತ್ತೆ ತುಂಬಿದೆ. ಅತ್ತೆ ಮೊಮ್ಮಗಳಿಗೆ ಎರಡು ಜಡೆ ಹಾಕಿ ಕನಕಾಂಬರ ಮುಡಿಸಿ ಹಾಲು ಕುಡಿಸುತ್ತಿದ್ದರು. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಬಸ್ಸಿನಲ್ಲಿ ಹತ್ತು ಮಕ್ಕಳು. ಕನಕಪುರ ರಸ್ತೆಯುದ್ದಕ್ಕೂ ಹಾಡು, ಕಿರುಚಾಟ. ಬೈರಿ ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ತಲಘಟ್ಟಪುರ ದಾಟುವಾಗ ಎರಡು ಸಲ ಆಕಳಿಸಿದಳು. ಬೇಗ ಎಬ್ಬಿಸಿದ್ದೆನಲ್ಲ ಅಂದುಕೊಂಡೆ.

ಗೇಟಿನ ಒಳಗೆ ಕೆಂಪು ದಾರಿ. ಎರಡು ಕುರ್ಚಿ ಪಕ್ಕಪಕ್ಕ ಹೋಗುವಷ್ಟು ಅಗಲ. ಎರಡೂ ಕಡೆ ಜಾಲಿ, ಹೊಂಗೆ, ಲಂಟಾನದ ಪೊದೆ, ಅಲ್ಲಲ್ಲಿ ಆನೆ ಮಲಗಿದ ಹಾಗೆ ಬಂಡೆ. ಆಟೋ, ಮೋಟಾರ್‌ಸೈಕಲ್ ಒಳಗೆ ಬರಬಾರದು ಅಂತ ಬಾಯಲ್ಲೇ ಕಲ್ಲುಕಂಬ ನೆಟ್ಟಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಆ ಕಂಬಗಳ ಮೇಲೆ. ಏನಾದರೂ ಆದರೆ ಗಾಡಿ ಒಳಗೆ ಬರುವುದಿಲ್ಲ.

"ತಳ್ಳಬೇಡ. ನಾನೇ" ಅಂದಳು ಬೈರಿ.

ಐವತ್ತು ಹೆಜ್ಜೆ ಅವಳೇ ಹೋದಳು. ನಾನು ಕೈ ಚಾಚಿಕೊಂಡು ಹಿಂದೆ, ನನ್ನ ಹಿಂದೆ ಅತ್ತೆ ಚಪ್ಪಲಿ ಸದ್ದು ಮಾಡುತ್ತಾ, ಎಡಕ್ಕೂ ಬಲಕ್ಕೂ ಹಾವು ಹುಡುಕುತ್ತಾ. ದಾರಿ ತಿರುಗಿತು. ಗೇಟು ಮರೆಯಾಯಿತು. ಬೈರಿ ನಿಲ್ಲಿಸಿದಳು.

"ಅಮ್ಮಾ, ಕೇಳು."

"ಏನು?"

"ಬಸ್ ಸದ್ದಿಲ್ಲ."

ಹೊಂಗೆಯ ಕೊಂಬೆ ಕೈಗೆ ಎಟಕುವಂತಿತ್ತು. ಒಂದು ಎಲೆ ಕಿತ್ತು ಮೂಸಿ, ಕೆನ್ನೆಗೆ ಒತ್ತಿಕೊಂಡಳು. ಅಷ್ಟು ಖುಷಿಯ ಮುಖ ನಾನು ಯಾವತ್ತೂ ನೋಡಿರಲಿಲ್ಲ. ನನಗೂ ಒಂದು ಕ್ಷಣ ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವಳ ಕೈ ನಿಧಾನವಾಯಿತು. ಸುಸ್ತಾಗಿದೆ ಅಂತ ನಾನು ತಳ್ಳತೊಡಗಿದೆ. ಉಳಿದ ಮಕ್ಕಳು ಮುಂದೆ ಹೋದರು. ಅರ್ಧ ದಾರಿಗೆ ಬಂದಿರಬೇಕು, "ಅಮ್ಮಾ, ಮರ ಎರಡೆರಡು ಕಾಣ್ತಿದೆ" ಅಂದಳು. ನಾಲಿಗೆ ತೊದಲುತ್ತಿತ್ತು. ಮುಂದೆ ಹೋಗಿ ನೋಡಿದರೆ ತಲೆ ಎದೆಯ ಮೇಲೆ ವಾಲಿತ್ತು, ಕಣ್ಣುಗುಡ್ಡೆ ನಿಲ್ಲದೆ ಆಡುತ್ತಿತ್ತು.

"ಬೈರೀ! ಬೈರೀ! ಮಿಸ್! ದಾನಮ್ಮ ಮಿಸ್! ಫಿಟ್ಸ್!"

ನನ್ನ ಕೂಗು ನನಗೇ ಯಾರದೋ ಅನ್ನಿಸಿತು. ಅತ್ತೆ ಕೆಂಪು ಮಣ್ಣಿನಲ್ಲಿ ಕುಕ್ಕರಿಸಿ ಮೊಮ್ಮಗಳ ಪಾದ ತಿಕ್ಕತೊಡಗಿದರು. "ಮುನೇಶ್ವರಾ, ನನ್ ಕೂಸು, ನನ್ ಕೂಸು." ನಾನು ಅವಳನ್ನು ಕುರ್ಚಿಯಿಂದ ಎತ್ತಿಕೊಂಡು ಓಡಲು ನೋಡಿದೆ. ಇಪ್ಪತ್ತಾರು ಕೆಜಿ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲು ಮಡಚಿಕೊಂಡಿತು. ಎಲ್ಲಿಗೆ ಓಡಲಿ? ಗೇಟು ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ.

ದಾನಮ್ಮ ಮಿಸ್ ಓಡಿ ಬಂದರು. ನನ್ನ ಕೈಯಿಂದ ಬಿಡಿಸಿ ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು.

"ನಿನ್ನ ಹೆಸರೇನವಾ?"

"ಬೈ... ಭೈರವಿ."

"ನಾ ಯಾರು?"

"ದಾನಮ್ಮ ಮಿಸ್."

ಅವರು ಉಸಿರು ಬಿಟ್ಟರು. "ಫಿಟ್ಸ್ ಅಲ್ರೀ ಇದು. ಮಂಪರು. ಇವತ್ತು ಗುಳಿಗಿ ಯಾರು ಕೊಟ್ರಿ?"

"ನಾನು" ಅಂದೆ.

"ನಾನು" ಅಂದರು ಅತ್ತೆ, ನನ್ನ ಜೊತೆಗೇ.

ಒಬ್ಬರ ಮುಖ ಒಬ್ಬರು ನೋಡಿದೆವು. ಇಪ್ಪತ್ತು ದಿನಗಳಲ್ಲಿ ಅದೇ ಮೊದಲು.

"ನೀನು ಚಿತ್ರಾನ್ನದಲ್ಲಿ ಮುಳುಗಿದ್ದೆ" ಅಂದರು ಅತ್ತೆ, ದನಿ ಒಡೆದಿತ್ತು. "ಮರ್ತಿದ್ದೀಯ ಅಂತ... ಗೂಡಲ್ಲಿದ್ದ ಹೊಸಾ ಶೀಟಿಂದ, ಹಾಲಲ್ಲಿ ಕೊಟ್ಟೆ. ಕೇಳೋಣ ಅಂದ್ರೆ..."

ಕೇಳೋಣ ಅಂದರೆ ಮಾತಿಲ್ಲ. ಬಾಯಿ ಬಿಟ್ಟು ಒಂದೇ ಒಂದು ಮಾತು, ಕೊಟ್ಟೆಯಾ ಅಂತ. ಅದಕ್ಕೂ ಅವರಿಗೆ ಬಿಗುಮಾನ. ಕೊಟ್ಟಿದ್ದೀನಿ ಅಂತ ತಿರುಗಿ ಹೇಳುವುದಕ್ಕೆ ನನಗೂ ಬಿಗುಮಾನ.

"ನೀನಾದ್ರೂ ಹೇಳ್ಬಾರ್ದಿತ್ತಾ ಬೈರಿ? ಆಗ್ಲೇ ನುಂಗಿದ್ದೀನಿ ಅಂತ ಅಜ್ಜಿಗೆ ಹೇಳ್ಬಾರ್ದಿತ್ತಾ?" ನಾನು ಅವಳ ಭುಜ ಅಲ್ಲಾಡಿಸಿದೆ.

ಅರ್ಧ ಮುಚ್ಚಿದ ಕಣ್ಣಲ್ಲೇ ಹೇಳಿದಳು: "ಹೇಳಿದ್ರೆ ಜಗಳ ಆಡ್ತಿದ್ರಿ. ಆಮೇಲೆ ಕರ್ಕೊಂಡು ಬರ್ತಿರ್ಲಿಲ್ಲ."

ಹತ್ತು ವರ್ಷದ ಮಗು. ಎರಡನೇ ಮಾತ್ರೆ ವಿಷ ಅಂದುಕೊಂಡೇ ನುಂಗಿದ್ದಳೋ ಏನೋ ಯಾರಿಗೆ ಗೊತ್ತು. ನಾನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

ದಾನಮ್ಮ ಮಿಸ್ ಬಂಡೆ ಹತ್ತಿ ಸಿಗ್ನಲ್ ಹುಡುಕಿ ಮೊಬೈಲಿನಲ್ಲಿ ಶಾಲೆಯ ಡಾಕ್ಟರಿಗೆ ಫೋನ್ ಮಾಡಿದರು. ಬಂಡೆಯ ಮೇಲಿಂದಲೇ ಕೂಗಿ ಪ್ರಶ್ನೆ ಕೇಳಿದರು. ಎಷ್ಟು ಗಂಟೆಗೆ ಒಂದು, ಎಷ್ಟು ಗಂಟೆಗೆ ಇನ್ನೊಂದು, ವಾಂತಿ ಆಯಿತಾ. ಅತ್ತೆ ಉತ್ತರ ಕೊಟ್ಟರು, ನಾನೂ ಕೊಟ್ಟೆ. ಇಳಿದು ಬಂದು ಹೇಳಿದರು: "ಅಂಜಬ್ಯಾಡ್ರಿ. ಒಂದು ಹೆಚ್ಚಾಗಿದ್ದಕ್ಕ ಜೀವಕ್ಕೇನೂ ಆಗಂಗಿಲ್ಲಂತ. ಮಲಗಲಿ. ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಮಾತಾಡಸ್ರಿ. ವಾಂತಿ ಆದ್ರ, ಎಬ್ಬಿಸಿದ್ರೂ ಏಳಲಿಲ್ಲಂದ್ರ ಸೀದಾ ದವಾಖಾನಿ. ಇಲ್ಲಾಂದ್ರ ಹೋಗೂ ದಾರ್ಯಾಗ ತೋರಿಸಿಕೊಂಡು ಹೋಗೋಣು. ರಾತ್ರಿ ಗುಳಿಗಿ ಬ್ಯಾಡ."

"ರಾತ್ರಿ ಯಾರೂ ಕೊಡಬೇಡಿ" ಅಂದೆ ಅತ್ತೆಗೆ.

"ನೀನೂ ಕೊಡಬೇಡ" ಅಂದರು ಅವರು ನನಗೆ.

ಬೈರಿ ನಿದ್ದೆಹೋದಳು. ಟವಲ್ಲಿನಿಂದ ಅವಳನ್ನು ಕುರ್ಚಿಗೆ ಕಟ್ಟಿದೆವು. ಒಂದು ಹಿಡಿ ನಾನು ಹಿಡಿದೆ, ಒಂದು ಹಿಡಿ ಅತ್ತೆ ಹಿಡಿದರು. ಉಳಿದರ್ಧ ದಾರಿಯಲ್ಲಿ ಏನೇನಿತ್ತು ಅಂತ ನನ್ನ ಕೇಳಬೇಡಿ. ನಾನು ನೋಡಿದ್ದು ಅವಳ ಎದೆ ಏರುವುದು, ಇಳಿಯುವುದು, ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಕೆನ್ನೆ ತಟ್ಟಿದರೆ "ಊಂ" ಅನ್ನುತ್ತಿದ್ದಳು, ಆ "ಊಂ" ಕೇಳಿಸುವವರೆಗೆ ನಮ್ಮಿಬ್ಬರದೂ ಉಸಿರಿಲ್ಲ.

ಗೇಟಿಗೆ ಬಂದಾಗ ಹನ್ನೊಂದು. ಬಸ್ಸಿನ ಡ್ರೈವರ್ ತಿಂಡಿಗೆ ಹೋಗಿದ್ದವನು ಬಂದಿರಲಿಲ್ಲ. ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ನಿಲ್ಲಿಸಿದೆವು. ಅರ್ಧ ಗಂಟೆ ಕೂತೆವು. ಕೂತಮೇಲೆ, ನೋಡಿ, ತಡೆದಿದ್ದದ್ದೆಲ್ಲ ಹೊರಗೆ ಬಂತು.

"ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

"ನೀನು ಗೀಟು ಹಾಕೋ ಮುಂಚೆ ಒಂದು ಮಾತು ಕೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ನಾನು ತಾಯಿ. ನನಗೆ ಭಯ."

"ನಾನೇನು ಬೀದೀಲಿ ಹೋಗೋಳಾ? ನನಗೆ ಭಯ ಇಲ್ವಾ?"

"ಅಮ್ಮಾ."

ಇಬ್ಬರೂ ತಿರುಗಿದೆವು. ಬೈರಿ ಕಣ್ಣು ಬಿಟ್ಟಿದ್ದಳು. ಈ ಸಲ ಕಣ್ಣುಗುಡ್ಡೆ ನೆಟ್ಟಗಿತ್ತು. ಗೇಟು ನೋಡಿದಳು, ನಿಂತ ಬಸ್ಸು ನೋಡಿದಳು. ಎಲ್ಲ ಮುಗಿದುಹೋಯಿತು ಅಂತ ಗೊತ್ತಾಗಿರಬೇಕು. ತುಟಿ ಒಂದು ಸಲ ನಡುಗಿತು. ಆಮೇಲೆ ಅಂದಳು:

"ಜಗಳ ಆಡ್ಬೇಡಿ. ನಂಗೆ ಕಾಡು ಸಾಕು. ಮನೆಗೆ ಹೋಗೋಣ."

ನೀರು ಕುಡಿಸಿದೆ. ದಾನಮ್ಮ ಮಿಸ್ ಬಂದು ನಾಡಿ ನೋಡಿದರು, ಬೆರಳು ತೋರಿಸಿ ಎಷ್ಟು ಅಂತ ಕೇಳಿದರು, ಪರವಾಗಿಲ್ಲ ಅಂದರು. ಡ್ರೈವರ್ ಇನ್ನೂ ಬಂದಿರಲಿಲ್ಲ.

ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಬೈರಿ, ಅಜ್ಜಿಗೆ ಏನು ಬೇಕು ಅಂತ ಹೇಳ್ಬೇಡ. ನನಗೆ ಏನು ಬೇಕು ಅಂತಾನೂ ಹೇಳ್ಬೇಡ. ನಿನಗೆ ಏನು ಬೇಕು? ಏನು ಹೇಳಿದ್ರೂ ಯಾರೂ ಬೈಯಲ್ಲ."

ಅವಳು ನನ್ನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಮತ್ತೆ ನನ್ನ ಮುಖ. ತುಂಬಾ ಹೊತ್ತು ನೋಡಿದಳು, ನಮ್ಮನ್ನು ನಂಬಬಹುದಾ ಅಂತ.

"ಒಳಗೆ ಹೋಗ್ಬೇಕು" ಅಂದಳು, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ.

ನಾನು ಅತ್ತೆಯ ಕಡೆ ನೋಡಿದೆ. ಅವರು ಆಗಲೇ ಕುರ್ಚಿಯನ್ನು ಕಾಡಿನ ಕಡೆಗೆ ತಿರುಗಿಸುತ್ತಿದ್ದರು.